ರಾಯದುರ್ಗ, ಮಡಕಶಿರಾ ಕಡೆಯ ಕೆಲಸಕ್ಕೆ ಯಾವ ಕ್ಯಾಡ್?

ಡಿಪ್ಲೊಮಾ ಮುಗಿಸಿದ ಹುಡುಗರು, ಜೀನ್ಸ್ ಹೊಲಿಗೆ ಘಟಕ ನಡೆಸುವವರು, ಗೇಟು-ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯವರು, ಬಿಡುವಿನಲ್ಲಿ ತ್ರೀಡಿ ಪ್ರಿಂಟ್ ಮಾಡಿ ನೋಡುವ ಆಸೆಯವರು ಎಲ್ಲರೂ ಕೇಳುವುದು ಒಂದೇ ಮಾತು: "ಯಾವ ಕ್ಯಾಡ್ ಒಳ್ಳೇದು?" ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ. ನೀವು ಬರೆದ ಡ್ರಾಯಿಂಗ್ ಮುಂದೆ ಯಾರ ಕೈಗೆ, ಯಾವ ಯಂತ್ರಕ್ಕೆ ಹೋಗಬೇಕು? ಅವರು ಯಾವ ಫೈಲ್ ತೆಗೆದುಕೊಳ್ಳುತ್ತಾರೋ ಅದನ್ನು ಸರಿಯಾಗಿ ಕೊಡಬಲ್ಲ ಸಾಫ್ಟ್‌ವೇರೇ ನಿಮಗೆ ಒಳ್ಳೆಯದು. ಹೆಸರು ದೊಡ್ಡದೋ ಸಣ್ಣದೋ ಆಮೇಲಿನ ಮಾತು.

ನಮ್ಮ ಕಡೆಯ ದೊಡ್ಡ ಕೆಲಸ ಬಟ್ಟೆಯದು, ಅದರಿಂದಲೇ ಶುರು ಮಾಡೋಣ. ಬಳ್ಳಾರಿಯ ಹಾಗೆ ರಾಯದುರ್ಗವೂ ಜೀನ್ಸ್ ಹೊಲಿಗೆಯ ಊರು. ಬಹಳ ಕಡೆ ಪ್ಯಾಟರ್ನ್ ಇನ್ನೂ ಕಟಿಂಗ್ ಮಾಸ್ಟರ್ ಕೈಯಲ್ಲಿ, ದಪ್ಪ ಕಾಗದದ ಮೇಲೆ ಇರುತ್ತದೆ. ಅದನ್ನು ಕಂಪ್ಯೂಟರಿಗೆ ತರಬೇಕೆಂದರೆ ಆಟೋಕ್ಯಾಡ್ ಕಲಿಯಲು ಹೊರಡುವವರಿದ್ದಾರೆ. ಅದು ದಾರಿಯಲ್ಲ. ಒಂದು ಸೈಜಿನಿಂದ ಉಳಿದ ಸೈಜುಗಳನ್ನು ತೆಗೆಯುವ ಗ್ರೇಡಿಂಗ್, ಹೊಲಿಗೆಯ ಅಂಚು, ಕಡಿಮೆ ಬಟ್ಟೆಯಲ್ಲಿ ಹೆಚ್ಚು ತುಂಡು ಕೂರಿಸುವ ಮಾರ್ಕರ್, ಇವೆಲ್ಲ ಸಿದ್ಧ ಉಡುಪಿಗೆಂದೇ ಮಾಡಿದ ಸಾಫ್ಟ್‌ವೇರಿನಲ್ಲಿ ಇರುತ್ತವೆ. ಗರ್ಬರ್‌ನ ಅಕ್ಯುಮಾರ್ಕ್, ಲೆಕ್ಟ್ರಾದ ಮೊಡಾರಿಸ್, ಆಪ್ಟಿಟೆಕ್ಸ್, ಟುಕಾಕ್ಯಾಡ್ ಈ ಜಾತಿಯವು. (2021ರಲ್ಲಿ ಲೆಕ್ಟ್ರಾ ಕಂಪನಿಯೇ ಗರ್ಬರನ್ನು ಕೊಂಡುಕೊಂಡಿತು.) ಬೆಲೆ ಸಣ್ಣ ಘಟಕಕ್ಕೆ ಭಾರವೇ. ಉಚಿತವಾಗಿ ಸಿಗುವುದು ಸೀಮ್ಲಿಟುಡಿ ಮತ್ತು ಅದರ ಮೂಲವಾದ ವ್ಯಾಲೆಂಟೀನಾ. ಇವುಗಳಲ್ಲಿ ಅಳತೆಯನ್ನು ಸೂತ್ರವಾಗಿ ಬರೆಯಬಹುದು. ಸೊಂಟದ ಅಳತೆ ಬದಲಿಸಿದರೆ ಪ್ಯಾಟರ್ನ್ ಪೂರ್ತಿ ತಾನಾಗಿ ಬದಲಾಗುತ್ತದೆ. ಮಾರ್ಕರ್ ವಿಷಯದಲ್ಲಿ ಮಾತ್ರ ದುಡ್ಡು ಕೊಟ್ಟು ಕೊಳ್ಳುವವುಗಳ ಸಮಕ್ಕೆ ಇವು ಬರುವುದಿಲ್ಲ. ದಿನಕ್ಕೆ ನೂರಾರು ಪ್ಯಾಂಟಿನ ಬಟ್ಟೆ ಕತ್ತರಿಸುವವರಿಗೆ ಉಳಿತಾಯ ಇರುವುದೇ ಮಾರ್ಕರಿನಲ್ಲಿ. ಅಂಥವರು ಸಾಫ್ಟ್‌ವೇರ್ ಕೊಳ್ಳದೆಯೇ, ಮಾರ್ಕರ್ ಮಾಡಿ ಪ್ಲಾಟರಿನಲ್ಲಿ ಎಳೆದು ಕೊಡುವವರ ಹತ್ತಿರ ಕೂಲಿಗೆ ಮಾಡಿಸುವುದು ಎಷ್ಟೋ ಸಲ ಅಗ್ಗ.

ಜೀನ್ಸಿನಲ್ಲಿ ಇನ್ನೊಂದು ಲೆಕ್ಕ ಇದೆ, ಯಾವ ಸಾಫ್ಟ್‌ವೇರ್ ಆದರೂ ಇದನ್ನು ನೀವೇ ಸರಿಯಾಗಿ ಕೊಡಬೇಕು. ವಾಷಿಂಗ್ ಆದ ಮೇಲೆ ಡೆನಿಮ್ ಕುಗ್ಗುತ್ತದೆ. ಸ್ಟ್ರೆಚ್ ಬಟ್ಟೆ ಅಗಲದಲ್ಲಿ ಶೇ. 12 ಕುಗ್ಗುತ್ತದೆ ಎನ್ನಿ, ಒಗೆದ ಮೇಲೆ 40 ಇಂಚು ಬೇಕು. 40ಕ್ಕೆ ಶೇ. 12 ಕೂಡಿಸಿ 44.8 ಇಟ್ಟರೆ ಕೊನೆಗೆ ಸಿಗುವುದು 39.4 ಇಂಚು, ಅರ್ಧ ಇಂಚಿಗಿಂತ ಹೆಚ್ಚು ಕಡಿಮೆ. ಕೂಡಿಸುವುದಲ್ಲ, 40ನ್ನು 0.88ರಿಂದ ಭಾಗಿಸಬೇಕು: 45.45 ಇಂಚು. ಉದ್ದಕ್ಕೂ ಅಗಲಕ್ಕೂ ಕುಗ್ಗುವಿಕೆ ಬೇರೆ ಬೇರೆ ಇರುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಕೊಡಲು ಬರುತ್ತದೆಯೇ ಎಂದು ಕೊಳ್ಳುವ ಮುಂಚೆ ಕೇಳಿ. ಶೇಕಡಾ ಎಷ್ಟು ಎಂದು ಊಹಿಸಬೇಡಿ. ಬಂದ ಥಾನಿನ ತುಂಡಿನ ಮೇಲೆ 20 ಇಂಚಿನ ಚೌಕ ಗುರುತು ಹಾಕಿ ಅದೇ ವಾಷಿಂಗಿಗೆ ಕಳಿಸಿ, ವಾಪಸ್ ಬಂದ ಮೇಲೆ ಎರಡೂ ಕಡೆ ಅಳೆಯಿರಿ.

ಮಡಕಶಿರಾ, ಹಿಂದೂಪುರ, ಧರ್ಮಾವರಂ ಕಡೆಯ ರೇಷ್ಮೆಯ ದಾರಿ ಬೇರೆ. ಸೀರೆಯ ಅಂಚು, ಬುಟ್ಟಾ, ಸೆರಗಿನ ಡಿಸೈನ್ ಹೋಗುವುದು ಜಕಾರ್ಡಿಗೆ. ಅದಕ್ಕೆ ಬೇಕಾಗಿರುವುದು ಗೆರೆಯ ಡ್ರಾಯಿಂಗ್ ಅಲ್ಲ, ಚೌಕಗಳ ಚಿತ್ರ. ಒಂದು ಚೌಕ ಎಂದರೆ ಒಂದು ಹಾಸಿನ ಎಳೆ ಒಂದು ಹೊಕ್ಕಿನ ಎಳೆಯನ್ನು ದಾಟುವ ಜಾಗ. ಹಿಂದೆ ಗ್ರಾಫ್ ಕಾಗದದಲ್ಲಿ ತುಂಬುತ್ತಿದ್ದದ್ದೂ ಇದನ್ನೇ. 240 ಹುಕ್ಕಿನ ಜಕಾರ್ಡ್, ಹುಕ್ಕಿಗೆ ಒಂದೇ ಎಳೆ, ಇಂಚಿಗೆ 80 ಎಳೆ ಇದ್ದರೆ ಡಿಸೈನಿನ ಅಗಲ 240 ಚುಕ್ಕಿ, ಬಟ್ಟೆಯಲ್ಲಿ 3 ಇಂಚು. ಹೊಕ್ಕು ಇಂಚಿಗೆ 60 ಮಾತ್ರ ಇದ್ದರೆ ಪರದೆಯಲ್ಲಿ ದುಂಡಗೆ ಕಾಣುವ 240ಕ್ಕೆ 240ರ ಬುಟ್ಟಾ ಬಟ್ಟೆಯ ಮೇಲೆ 3 ಇಂಚು ಅಗಲ, 4 ಇಂಚು ಎತ್ತರದ ಮೊಟ್ಟೆಯಾಗುತ್ತದೆ. ನೇಯ್ಗೆಗೆಂದೇ ಮಾಡಿದ ಸಾಫ್ಟ್‌ವೇರ್ ಈ ಅನುಪಾತವನ್ನು ಮೊದಲೇ ಕೇಳಿಕೊಂಡು ಸರಿಯಾಗಿ ತೋರಿಸುತ್ತದೆ, ಮಾಮೂಲಿ ಚಿತ್ರದ ಸಾಫ್ಟ್‌ವೇರ್ ತಾನಾಗಿ ಕೇಳುವುದಿಲ್ಲ. ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ರೂಪಿಸಿದ ಡಿಜಿಬುನಾಯಿ ಎಂಬುದು ಮುಕ್ತ ತಂತ್ರಾಂಶ, ಜಕಾರ್ಡಿಗೂ ಡಾಬಿಗೂ ಆಗುತ್ತದೆ. ಮೊದಲು ಅದನ್ನು ನೋಡಿ. ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿರುವವರು ಯಂತ್ರದ ಕಂಟ್ರೋಲರ್ ಯಾವ ಫೈಲ್ ಓದುತ್ತದೆ ಎಂದು ಮಾರಿದವರಿಂದ ಬರೆಸಿಕೊಳ್ಳುವುದು ಒಳ್ಳೆಯದು. ಕಾರ್ಡ್ ಹೊಡೆಸುವವರು ಹೊಡೆಯುವವರನ್ನೇ ಕೇಳಿ.

ಇನ್ನು ಮನೆ ಪ್ಲಾನು. ಇಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ, ಡಿಡಬ್ಲ್ಯುಜಿ ಫೈಲಿನದೇ ರಾಜ್ಯ. ಆಟೋಕ್ಯಾಡ್ 1982ರಲ್ಲಿ ಬಂದಾಗಿನಿಂದ ಎಂಜಿನಿಯರುಗಳು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು ಅದನ್ನೇ. ಪ್ಲಾನನ್ನು ಆನ್‌ಲೈನಿನಲ್ಲಿ ಕಂಪ್ಯೂಟರೇ ಪರಿಶೀಲಿಸುವ ಕಡೆ ಲೇಯರಿನ ಹೆಸರು ಒಂದು ಅಕ್ಷರ ತಪ್ಪಿದರೂ ಪ್ಲಾನ್ ವಾಪಸ್ ಬರಬಹುದು. ಆದರೆ ಡಿಡಬ್ಲ್ಯುಜಿ ಬೇಕು ಎಂದರೆ ಆಟೋಕ್ಯಾಡೇ ಬೇಕು ಎಂದು ಅರ್ಥವಲ್ಲ. 2016ರಿಂದ ಆಟೋಡೆಸ್ಕ್ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು, ಈಗ ವರ್ಷ ವರ್ಷ ಕಟ್ಟಬೇಕು. ಟುಡಿ ಕೆಲಸಕ್ಕೆ ಆಟೋಕ್ಯಾಡ್ ಎಲ್‌ಟಿ ಸಾಕು, 2024ರ ಆವೃತ್ತಿಯಿಂದ ಅದರಲ್ಲಿ ಆಟೋಲಿಸ್ಪ್ ಕೂಡ ಇದೆ. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್‌ಗಳು ಡಿಡಬ್ಲ್ಯುಜಿಯಲ್ಲೇ ಕೆಲಸ ಮಾಡುತ್ತವೆ, ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸೂ ಅವುಗಳಲ್ಲಿ ಇದೆ. ಸಣ್ಣ ಕಚೇರಿಗೆ ನನ್ನ ಮಟ್ಟಿಗೆ ಇದೇ ಲೆಕ್ಕ ಸರಿ. ಲಿಬ್ರೆಕ್ಯಾಡ್ ಉಚಿತ, ಹಗುರ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಆದರೆ ಫೈಲ್ ಉಳಿಸುವುದು ಡಿಎಕ್ಸ್‌ಎಫ್‌ನಲ್ಲಿ. ಗ್ರಿಲ್, ಗೇಟು, ಪ್ಲಾಸ್ಮಾ ಅಥವಾ ಲೇಸರ್ ಕಟಿಂಗಿನವರಿಗೆ ಬೇಕಾಗಿರುವುದೂ ಡಿಎಕ್ಸ್‌ಎಫ್ ಆದ್ದರಿಂದ ಆ ಅಂಗಡಿಗಳಿಗೆ ಇದಕ್ಕಿಂತ ದೊಡ್ಡದು ಬೇಡ. ಅಳತೆ ಅಡಿ, ಇಂಚು, ಸೂತಿನಲ್ಲಿ ಇದ್ದು ಫೈಲ್ ಮಿಲಿಮೀಟರಿನಲ್ಲಿ ಹೋದರೆ ಗೇಟು 25 ಪಟ್ಟು ಚಿಕ್ಕದಾಗಿ ಬಂದೀತು, ಯೂನಿಟ್ ಮೊದಲು ನೋಡಿ.

ಕೆಲಸ ಹುಡುಕುವ ಮೆಕ್ಯಾನಿಕಲ್ ಹುಡುಗರಿಗೆ ಉತ್ತರ ಇಷ್ಟು ಸುಲಭವಲ್ಲ. ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆಯಲ್ಲಿ 2019ರಲ್ಲಿ ಉತ್ಪಾದನೆ ಶುರುವಾದ ಮೇಲೆ ವಾಹನ ಉದ್ಯಮ ಮನೆ ಬಾಗಿಲಿಗೇ ಬಂದಂತಾಗಿದೆ. ಆ ಕ್ಷೇತ್ರದ ಡಿಸೈನ್ ಕೆಲಸದಲ್ಲಿ ಕೇಳಿಬರುವ ಹೆಸರುಗಳು ಕ್ಯಾಟಿಯಾ, ಎನ್‌ಎಕ್ಸ್, ಸಾಲಿಡ್‌ವರ್ಕ್ಸ್. ಫ್ರೀಕ್ಯಾಡ್ ಮಾತ್ರ ಬರುತ್ತದೆ ಎಂದರೆ ಸಂದರ್ಶನಕ್ಕೆ ಕರೆ ಬರುವುದು ಕಷ್ಟ, ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಹಾಗೆಂದು ಸಾಲ ಮಾಡಿ ನಾಲ್ಕು ಸಾಫ್ಟ್‌ವೇರಿನ ಕೋರ್ಸ್ ಒಟ್ಟಿಗೆ ಸೇರಬೇಡಿ. ಸ್ಕೆಚ್ ಹಾಕಿ, ಅಳತೆಗಳನ್ನು ಒಂದಕ್ಕೊಂದು ಕಟ್ಟಿ, ಬಿಡಿಭಾಗ ಮಾಡಿ, ಜೋಡಿಸುವ ಕ್ರಮ ಎಲ್ಲದರಲ್ಲೂ ಒಂದೇ. ಅದನ್ನು ಉಚಿತವಾದದ್ದರಲ್ಲಿ ಕಲಿತು, ಆಮೇಲೆ ಒಂದನ್ನು ಆರಿಸಿ. ಓದುತ್ತಿರುವಾಗಲೇ ಆದರೆ ಆಟೋಡೆಸ್ಕಿನ ವಿದ್ಯಾರ್ಥಿ ಲೈಸೆನ್ಸ್ ಉಚಿತ, ಸೀಮೆನ್ಸಿನ ಸಾಲಿಡ್ ಎಡ್ಜ್‌ಗೂ ಉಚಿತ ಆವೃತ್ತಿ ಇದೆ. ಕಾಲೇಜು ಬಿಟ್ಟ ಮೇಲೆ ಆ ಬಾಗಿಲು ಮುಚ್ಚುತ್ತದೆ, ಕೊನೆಯ ವರ್ಷದವರೆಗೆ ಕಾಯಬೇಡಿ.

ಹವ್ಯಾಸಕ್ಕೆ ಆದರೆ ಮಕ್ಕಳಿಗೆ ಟಿಂಕರ್‌ಕ್ಯಾಡ್, ದೊಡ್ಡವರಿಗೆ ಫ್ರೀಕ್ಯಾಡ್. 2024ರ ನವೆಂಬರಿನಲ್ಲಿ ಬಂದ ಫ್ರೀಕ್ಯಾಡ್ 1.0, ಮೊದಲಿನ ಅಳತೆ ಬದಲಿಸಿದರೆ ಮುಂದಿನದೆಲ್ಲ ಕುಸಿದುಬೀಳುತ್ತಿದ್ದ ಹಳೆಯ ಕಾಟವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿತು. ಫ್ಯೂಷನ್‌ನ ವೈಯಕ್ತಿಕ ಆವೃತ್ತಿ ಇದಕ್ಕಿಂತ ನಯವಾಗಿದೆ, ಆದರೆ 2020ರಿಂದ ಒಮ್ಮೆಗೆ 10 ಫೈಲುಗಳನ್ನು ಮಾತ್ರ ತಿದ್ದಬಹುದು. ಆನ್‌ಶೇಪ್ ಬ್ರೌಸರಿನಲ್ಲೇ ನಡೆಯುತ್ತದೆ, ಉಚಿತವಾಗಿ ಬಳಸಿದರೆ ನಿಮ್ಮ ಡ್ರಾಯಿಂಗ್ ಲೋಕಕ್ಕೆಲ್ಲ ಕಾಣುತ್ತದೆ. ಎರಡನ್ನೂ ದುಡಿಮೆಗೆ ಬಳಸಲು ಷರತ್ತುಗಳಿವೆ. ಹೇಮಾವತಿಯ ದೊಡ್ಡೇಶ್ವರ ಗುಡಿಯ ನೊಳಂಬರ ಕಾಲದ ಜಾಲಂಧ್ರ ನೋಡಿ ಬಂದು ಅದರಂತೆ ಮಾಡಬೇಕೆಂಬ ಆಸೆ ಹಲವರಿಗೆ ಹುಟ್ಟುವುದುಂಟು. ಆ ಬಳ್ಳಿ, ಮೂರ್ತಿಗಳು ಅಳತೆ ಕೊಟ್ಟು ಬರೆಯುವ ವಸ್ತುವಲ್ಲ, ಅದಕ್ಕೆ ಕ್ಯಾಡ್ ಬಿಟ್ಟು ಬ್ಲೆಂಡರ್ ಹಿಡಿಯಬೇಕು.

ಕನ್ನಡ ಅಕ್ಷರದ ಮಾತು ಎಲ್ಲೂ ಸಿಗುವುದಿಲ್ಲವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಗಡಿಯ ಈ ಕಡೆ ಕನ್ನಡದಲ್ಲಿ ಬೋರ್ಡು, ಬಾಗಿಲ ಹೆಸರು ಫಲಕ ಮಾಡಿಸುವವರು ಕಡಿಮೆಯಿಲ್ಲ. ಫ್ರೀಕ್ಯಾಡಿನ ಅಕ್ಷರ ಸಾಧನ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಇಡುತ್ತದೆ. ಹಾಗಾಗಿ ರಾಯದುರ್ಗದಲ್ಲಿ ಅರ್ಕಾವತ್ತು ಕೂರುವುದಿಲ್ಲ, ಮಡಕಶಿರಾದಲ್ಲಿ 'ಶಿ' ಒಡೆದುಹೋಗುತ್ತದೆ. ಆಟೋಕ್ಯಾಡಿನ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಬರೆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಉಪಾಯ ಇಷ್ಟೆ: ಇಂಕ್‌ಸ್ಕೇಪಿನಲ್ಲಿ ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ಬರೆದು, ಅಕ್ಷರವನ್ನು ಗೆರೆಯಾಗಿ ಬದಲಿಸಿ, ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಆಗಿ ಒಯ್ಯಿರಿ. ಓಪನ್‌ಎಸ್‌ಕ್ಯಾಡ್ ಕೂಡ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ತಗಡಿನಲ್ಲಿ ಅಕ್ಷರ ಕೊರೆಸುವುದಾದರೆ 'ರ', 'ಠ', ಸೊನ್ನೆ ಇವುಗಳ ನಡುವಿನ ಭಾಗ ಕಳಚಿ ಬೀಳುತ್ತದೆ, ಎರಡು ಕಡೆ ಸಣ್ಣ ಸೇತುವೆ ಬಿಡಿ.

ಕೊನೆಯದಾಗಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವುದಕ್ಕೆ 7 ದಿನಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ಹತ್ತಿರದ ಅಪಾಯ ಎಂದರೆ ಕ್ರ್ಯಾಕ್ ಜೊತೆಗೆ ಬಂದ ವೈರಸ್ಸು ವರ್ಷಗಳ ಪ್ಯಾಟರ್ನುಗಳನ್ನು ಒಂದೇ ರಾತ್ರಿ ನುಂಗಿಬಿಡುವುದು. ಯಾವುದನ್ನೇ ಬಳಸಿ, ಮುಗಿದ ಕೆಲಸದ ಇನ್ನೊಂದು ಪ್ರತಿಯನ್ನು ಎಲ್ಲರೂ ಓದುವ ರೂಪದಲ್ಲಿ ಇಟ್ಟುಕೊಳ್ಳಿ: ಟುಡಿಗೆ ಡಿಎಕ್ಸ್‌ಎಫ್, ತ್ರೀಡಿಗೆ ಸ್ಟೆಪ್, ಸೀರೆ ಡಿಸೈನಿಗೆ ಬಿಎಂಪಿ. ಎಸ್‌ಟಿಎಲ್ ಪ್ರಿಂಟಿಗೆ ಮಾತ್ರ, ಅದನ್ನು ಮತ್ತೆ ತಿದ್ದುವುದು ಹಿಂಸೆ.

ದುಡ್ಡು ಕಟ್ಟುವ ಮುಂಚೆ ಎಲ್ಲ ಕಂಪನಿಗಳ ಪರೀಕ್ಷಾ ಅವಧಿಯನ್ನೂ ಬಳಸಿಕೊಳ್ಳಿ. ನಿಮ್ಮದೇ ಒಂದು ಕೆಲಸವನ್ನು ಅದರಲ್ಲಿ ಬರೆದು, ಪಕ್ಕದಲ್ಲಿ 10 ಇಂಚಿನ ಒಂದು ಚೌಕವನ್ನೂ ಹಾಕಿ, ನೀವು ದಿನವೂ ಹೋಗುವ ಪ್ಲಾಟರ್ ಅಥವಾ ಕಟಿಂಗ್ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಒಯ್ದು ತೆಗೆಸಿ. ಫೈಲ್ ತೆರೆಯದಿದ್ದರೆ, ಅಥವಾ ಟೇಪು ಹಿಡಿದಾಗ ಚೌಕ 10 ಇಂಚು ಬರದಿದ್ದರೆ, ಯೂನಿಟ್ಟೂ ಸ್ಕೇಲೂ ಸರಿಹೋಗುವವರೆಗೆ ದುಡ್ಡು ಕಟ್ಟಬೇಡಿ.