ಮಾಂಡವಿಯ ಮೇಲೊಂದು ಸಂಜೆ



ನಿವೃತ್ತರ ಪ್ರವಾಸಕ್ಕೆ ನಮ್ಮಲ್ಲಿ ಒಂದು ಸಿದ್ಧಮಾರ್ಗವಿದೆ. ಅದು ಗುಡಿಯಿಂದ ಹೊರಟು ಗುಡಿಯಲ್ಲಿಯೇ ಮುಗಿಯುತ್ತದೆ. ಕಳೆದ ಫೆಬ್ರವರಿಯಲ್ಲಿ ಧಾರವಾಡದ ನಾವು ಹದಿನಾರು ಮಂದಿ ಹಳೆಯ ಮಾಸ್ತರರು ಆ ಮಾರ್ಗವನ್ನು ಬಿಟ್ಟು ಗೋವೆಗೆ ಹೊರಟಾಗ ಮನೆಮನೆಗಳಲ್ಲಿ ಒಂದಿಷ್ಟು ನಗೆಯಾಡಿದ್ದುಂಟು. ಅನಮೋಡ ಘಟ್ಟವನ್ನಿಳಿದು ಪಣಜಿ ಸೇರಿದ ಮೇಲೆ, ಸಂಜೆ ಮಾಂಡವಿ ನದಿಯಲ್ಲಿ ವಿಹಾರದ ಹಡಗು ಹೋಗುತ್ತದೆಂದೂ ಅದರಲ್ಲಿ ಹಾಡು ಕುಣಿತಗಳಿರುತ್ತವೆಂದೂ ನಮ್ಮ ತಂಡದ ಭೂಗೋಳದ ಮಾಸ್ತರರು ತಿಳಿದುಕೊಂಡು ಬಂದು, ಯಾರನ್ನೂ ಕೇಳದೆ ಎಲ್ಲರಿಗೂ ಟಿಕೆಟ್ಟು ತಂದುಬಿಟ್ಟರು. ಇಂಥ ಗದ್ದಲಗಳಿಂದ ದೂರವಿರುವುದೇ ನನ್ನ ರೂಢಿ. ಆದರೂ ಹಣ ಕೊಟ್ಟಾಗಿದೆಯಲ್ಲ ಎಂಬ, ಮಾಸ್ತರಿಕೆಗೆ ಸಹಜವಾದ ಒಂದು ಕಾರಣದಿಂದ ನಾನೂ ಹೊರಟೆ.

ಹಡಗು ಹತ್ತುವ ಬಗೆಯೇ ನನಗೆ ಹೊಸದಾಗಿತ್ತು. ಜೆಟ್ಟಿಯಲ್ಲಿ ಎಲ್ಲ ಹಡಗುಗಳಿಗೂ ಸ್ಥಳ ಸಾಲದು. ಆದ್ದರಿಂದ ಒಂದರ ಮಗ್ಗುಲಿಗೆ ಮತ್ತೊಂದನ್ನು ತಂದು ಹಗ್ಗದಿಂದ ಬಿಗಿದು ನಿಲ್ಲಿಸಿದ್ದರು. ನಮ್ಮದು ಮೂರನೆಯದು. ದಡದಿಂದ ಮೊದಲನೆಯ ಹಡಗಿಗೆ ಕಾಲಿಟ್ಟು, ಅದನ್ನು ಅಡ್ಡಲಾಗಿ ದಾಟಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಬೇಕು. ಕಾಲ ಕೆಳಗೆ ಹಲಗೆ ಮೆಲ್ಲನೆ ಏರುವುದು, ಇಳಿಯುವುದು. ಹೆಂಗಸರು ಒಬ್ಬರ ಕೈಯನ್ನೊಬ್ಬರು ಹಿಡಿದು ನಗುತ್ತ ದಾಟಿದರು. ನಾನು ಗಂಭೀರವಾಗಿ ದಾಟಿದೆನೆಂದುಕೊಂಡಿದ್ದೇನೆ. ಕಂಡವರು ಬೇರೆಯೇ ಹೇಳುತ್ತಾರೆ.

ಹಡಗು ಬಿಟ್ಟೊಡನೆ ಮೇಲಟ್ಟದ ಚಿಕ್ಕ ವೇದಿಕೆಯ ಮೇಲೆ ದೇಖಣಿ, ಫುಗಡಿಗಳಾದವು. ಆಮೇಲೆ ಪೋರ್ಚುಗೀಸ್ ಮೂಲದ ಒಂದು ಜೋಡಿಕುಣಿತ. ಅದೂ ಮುಗಿದ ಮೇಲೆ ಪ್ರಯಾಣಿಕರನ್ನೇ ವೇದಿಕೆಗೆ ಕರೆದರು. ಮೊದಲು ಮಕ್ಕಳು, ನಂತರ ದಂಪತಿಗಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ನಮ್ಮ ಭೂಗೋಳದ ಮಾಸ್ತರರು ಹೆಂಡತಿಯ ಕೈ ಹಿಡಿದು ಎದ್ದೇಬಿಟ್ಟರು. ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡೇ ಎರಡು ಸುತ್ತು ತಿರುಗಿದರು. ನಾನು ಕಟಾಂಜನದ ಬದಿಗೆ ಕುಳಿತು ನೀರನ್ನು ನೋಡುತ್ತಿದ್ದೆ. "ಸರ, ನೀರಾಗೇನೂ ಶಾಸನ ಸಿಗೂದಿಲ್ಲ, ಬರ್ರಿ ಈ ಕಡೆ" ಎಂದು ಅವರು ಅಲ್ಲಿಂದಲೇ ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಆ ನೀರು ಅಷ್ಟು ಬರಿದಾದದ್ದಲ್ಲ. ಮೊದಲನೆಯದಾಗಿ, ಅದು ನಮ್ಮ ಕಡೆಯಿಂದಲೇ ಘಟ್ಟವಿಳಿದು ಬಂದ ನೀರು. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯೆಂದು ಹುಟ್ಟಿದ ಹೊಳೆಯೇ ಇಲ್ಲಿ ಮಾಂಡವಿ. ಆ ನೀರಿನ ಪಾಲಿನ ವ್ಯಾಜ್ಯ ನನ್ನ ಇಂದಿನ ವಿಷಯವಲ್ಲ. ನಮ್ಮ ಹಡಗು ಪಣಜಿಯ ಹಳೆಯ ಸಚಿವಾಲಯವನ್ನು ಎಡಕ್ಕೆ ಬಿಟ್ಟು ಪಡುವಣಕ್ಕೆ ಸಾಗಿತ್ತು. ಆ ಕಟ್ಟಡ ಮೂಲತಃ ಬಿಜಾಪುರದ ಆದಿಲಶಾಹಿಯದು. ಬಲಕ್ಕೆ ರೈಸ್ ಮಾಗೋಸ್ ಕೋಟೆಯ ಗುಡ್ಡ. ಮುಂದೆ, ನದಿ ಕಡಲನ್ನು ಕೂಡುವಲ್ಲಿ ಆಗ್ವಾದದ ತುದಿ. ಈ ಎರಡು ದಡಗಳ ನಡುವಿನ ನೀರಿನಲ್ಲಿಯೇ 1510ರ ಮಳೆಗಾಲ ಕಳೆದುಹೋದದ್ದು.

ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1510ರ ಮೊದಲ ತಿಂಗಳುಗಳಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ದ ಆಲ್ಬುಕರ್ಕ್, ಕೋಳಿಕ್ಕೋಡಿನಲ್ಲಿ ಪೆಟ್ಟು ತಿಂದವನು, ತನ್ನ ನೌಕಾಬಲದೊಡನೆ ನಮ್ಮ ಕರಾವಳಿಗುಂಟ ಉತ್ತರಕ್ಕೆ ಹೊರಟಿದ್ದ. ಅವನ ಗುರಿ ಗೋವೆಯಾಗಿರಲಿಲ್ಲ. ಅರಬೀ ಸಮುದ್ರದಾಚೆಯ ಹಡಗುದಾರಿಗಳಾಗಿದ್ದವು. ಅವನನ್ನು ಗೋವೆಯ ಕಡೆಗೆ ತಿರುಗಿಸಿದವನು ಹೊನ್ನಾವರದ ಒಬ್ಬ ನೌಕಾನಾಯಕ. ಪೋರ್ಚುಗೀಸರ ಬರಹಗಳಲ್ಲಿ ಅವನ ಹೆಸರು ತಿಮೋಜ. ನಮ್ಮವರು ತಿಮ್ಮಯ್ಯನೆನ್ನುತ್ತಾರೆ, ತಿಮ್ಮೋಜನೆಂದೂ ಬರೆಯುತ್ತಾರೆ. ಗೋವೆಯ ಕಾವಲು ಸಡಿಲವಾಗಿದೆ, ಈಗ ಹೊಡೆದರೆ ಬಿದ್ದೀತೆಂದು ಅವನು ಸುದ್ದಿ ಕೊಟ್ಟ; ತನ್ನ ಹಡಗುಗಳನ್ನೂ ಜೊತೆಗೆ ತಂದ. ಗೋವೆ ಹೆಚ್ಚಿನ ಕಾದಾಟವಿಲ್ಲದೆ ಕೈಸೇರಿತು.

ಆದರೆ ಮೇ ತಿಂಗಳಲ್ಲಿ ಬಿಜಾಪುರದ ದೊಡ್ಡ ಸೈನ್ಯ ಬಂದು ಮಳೆಯ ರಾತ್ರಿಯಲ್ಲಿ ಹೊಳೆ ದಾಟಿತು. ಆಲ್ಬುಕರ್ಕ್ ನಗರವನ್ನು ಬಿಟ್ಟು ಹಡಗುಗಳಿಗೆ ಮರಳಬೇಕಾಯಿತು. ಹಡಗು ಹತ್ತಿದನೆಂದರೆ ಪಾರಾದನೆಂದು ನಾವು, ಒಳನಾಡಿನವರು, ಭಾವಿಸುತ್ತೇವೆ. ಕರಾವಳಿಯವರು ಹಾಗೆ ಭಾವಿಸುವುದಿಲ್ಲ. ಮಾಂಡವಿಯ ಅಳಿವೆಯಲ್ಲಿ ಒಂದು ಮರಳುದಿಬ್ಬವಿದೆ. ಮುಂಗಾರು ತೊಡಗಿತೆಂದರೆ ಆ ದಿಬ್ಬದ ಮೇಲೆ ತೆರೆಗಳು ಒಡೆಯಲಾರಂಭಿಸಿ ಅಳಿವೆಯ ಬಾಯಿ ಮುಚ್ಚಿದಂತೆಯೇ ಸರಿ. ಒಳಗಿನ ಹಡಗು ಹೊರಗೆ ಹೋಗಲಾರದು, ಹೊರಗಿನದು ಒಳಗೆ ಬರಲಾರದು. ಮುಂದೆ ಕಡಲಿನ ಕದ, ಹಿಂದೆ ಶತ್ರುವಿನ ನಗರ, ಪಣಜಿಯ ದಡದಿಂದ ಆದಿಲಶಾಹಿಯ ಫಿರಂಗಿಗಳು. ಹೀಗೆ ಜೂನ್ ಆರಂಭದಿಂದ ಆಗಸ್ಟ್ ನಡುವಿನವರೆಗೆ, ಎರಡೂವರೆ ತಿಂಗಳ ಕಾಲ, ಆ ಹಡಗುಗಳು ಈ ನೀರಿನಲ್ಲಿ ಲಂಗರು ಹಾಕಿ ನಿಂತವು. ಆಹಾರ ತೀರಿತು. ಇಲಿಗಳನ್ನು ತಿಂದರು, ಪೆಟ್ಟಿಗೆಗಳಿಗೆ ಹೊದಿಸಿದ್ದ ತೊಗಲನ್ನು ಬೇಯಿಸಿ ತಿಂದರು.

ಪೋರ್ಚುಗೀಸರ ಕಥನದಲ್ಲಿಯೇ ಒಂದು ವಿಚಿತ್ರ ಪ್ರಸಂಗ ಬರುತ್ತದೆ. ಹಸಿವಿನಿಂದಲ್ಲ, ಆಯುಧದಿಂದಲೇ ನಿಮ್ಮನ್ನು ಗೆಲ್ಲಬೇಕೆಂದು ನಮ್ಮ ಆಸೆ ಎಂದು ಬಿಜಾಪುರದ ಕಡೆಯಿಂದ ಒಂದು ದೋಣಿಯ ತುಂಬ ಆಹಾರ ಕಳಿಸಿದರಂತೆ. ಆಲ್ಬುಕರ್ಕ್ ರೋಗಿಗಳಿಗಾಗಿ ಕೂಡಿಟ್ಟಿದ್ದ ಮದ್ಯವನ್ನೂ ಒಣರೊಟ್ಟಿಯನ್ನೂ ಹಡಗಿನಲ್ಲಿ ಕಣ್ಣಿಗೆ ಬೀಳುವಂತೆ ಇರಿಸಿ, ನಮ್ಮಲ್ಲಿ ಯಾವುದಕ್ಕೂ ಕೊರತೆಯಿಲ್ಲವೆಂದು ಬಂದವರಿಗೆ ತೋರಿಸಿ, ದೋಣಿಯನ್ನು ಹಿಂದಕ್ಕೆ ಕಳಿಸಿದನಂತೆ. ಅದೇ ನೀರಿನ ಮೇಲೆ ನನ್ನ ಬೆನ್ನ ಹಿಂದೆ ಆಗ ತಟ್ಟೆ ತಟ್ಟೆ ಭಜಿ ಹಂಚುತ್ತಿದ್ದರು.

ಇನ್ನೊಂದು ಪ್ರಸಂಗ ಸಾಹಿತ್ಯದ ಓದುಗರಿಗೆ ಸಂಬಂಧಿಸಿದ್ದು. ನಗರದಿಂದ ಸೆರೆತಂದ ಕೆಲವು ಹೆಣ್ಣುಮಕ್ಕಳನ್ನು ಒಂದು ಹಡಗಿನಲ್ಲಿ ಕಾವಲಿನಲ್ಲಿಟ್ಟಿದ್ದರು. ರೂಯ್ ದಿಯಸ್ ಎಂಬ ತರುಣನೊಬ್ಬ ಕದ್ದು ಅಲ್ಲಿಗೆ ಹೋಗುತ್ತಿದ್ದನೆಂಬುದು ಬಯಲಾಗಿ ಆಲ್ಬುಕರ್ಕ್ ಅವನನ್ನು ಗಲ್ಲಿಗೇರಿಸಿದ. ಕೆಲವು ಕಪ್ತಾನರು ಅಡ್ಡಬಂದರು; ಅವರನ್ನೂ ಬಂಧಿಸಿದ. ಅರವತ್ತು ವರ್ಷಗಳ ತರುವಾಯ, 1572ರಲ್ಲಿ ಪ್ರಕಟವಾದ 'ಲೂಸಿಯಾಡ್' ಮಹಾಕಾವ್ಯದಲ್ಲಿ ಕವಿ ಕಮೋಯಿಷ್ ತನ್ನ ನಾಡಿನ ವೀರರನ್ನೆಲ್ಲ ಹೊಗಳುತ್ತ ಬಂದು, ಆಲ್ಬುಕರ್ಕನ ಸರದಿ ಬಂದಾಗ ಈ ಕೊಲೆಯನ್ನು ನೆನೆದು ಅವನನ್ನು ಆಕ್ಷೇಪಿಸುತ್ತಾನೆ. ಕಮೋಯಿಷ್ ಸ್ವತಃ ಗೋವೆಯಲ್ಲಿ ಇದ್ದವನು. ಆದರೆ ಆ ಸೆರೆಯ ಹೆಣ್ಣುಮಕ್ಕಳ ಗೋಳನ್ನು ನೆನೆಯುವವರು ಯಾರೆಂಬ ಪ್ರಶ್ನೆಯನ್ನು ಅವನ ಕಾವ್ಯವೂ ಕೇಳುವುದಿಲ್ಲ.

ಆಗಸ್ಟಿನಲ್ಲಿ ಅಳಿವೆ ತೆರೆಯಿತು. ಉಳಿದವರು ಕಾರವಾರದೆದುರಿನ ಅಂಜದೀವಕ್ಕೆ ಪಾರಾದರು. ಅದೇ ವರ್ಷದ ನವೆಂಬರ್ 25ರಂದು ಆಲ್ಬುಕರ್ಕ್ ಮತ್ತೆ ಬಂದು ಗೋವೆಯನ್ನು ಹಿಡಿದ. ಆ ಸಲ ನಗರದ ಮುಸಲ್ಮಾನರ ಕೊಲೆ ದಿನಗಟ್ಟಲೆ ನಡೆಯಿತು. ಆರು ಸಾವಿರ ಮಂದಿ ಸತ್ತರೆಂದು ತನ್ನ ದೊರೆಗೆ ಅವನೇ ಹೆಮ್ಮೆಯಿಂದ ಕಾಗದ ಬರೆದಿದ್ದಾನೆ. ಆಮೇಲಿನದು ನಿಮಗೆ ಗೊತ್ತು. ಪೋರ್ಚುಗೀಸರು ಅಲ್ಲಿಂದ ಕದಲಿದ್ದು 1961ರ ಡಿಸೆಂಬರಿನಲ್ಲಿ.

ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮಲ್ಲಿ ತಿಮ್ಮಯ್ಯನ ವಿಷಯಕ್ಕೆ ಸಣ್ಣದೊಂದು ಜಗಳವೇ ಆಯಿತು. ದ್ರೋಹಿ, ಪರಕೀಯರಿಗೆ ಬಾಗಿಲು ತೆಗೆದವನು ಎಂದು ಗಣಿತದ ಮಾಸ್ತರರು ತೀರ್ಪು ಕೊಟ್ಟರು. ನನಗೆ ಆ ತೀರ್ಪು ಅಷ್ಟು ಸುಲಭವೆನಿಸಲಿಲ್ಲ. ಬಿಜಾಪುರದವರು ಅವನಿಗೆ ಸ್ವದೇಶೀಯರೂ ಅಲ್ಲ, ಪೋರ್ಚುಗೀಸರು ಮಾತ್ರವೇ ಪರಕೀಯರೂ ಅಲ್ಲ. ಕುದುರೆ, ಮೆಣಸುಗಳ ವ್ಯಾಪಾರದ ಕಡಲಿನಲ್ಲಿ ಒಬ್ಬರನ್ನು ಇನ್ನೊಬ್ಬರ ಮೇಲೆ ಬಿಟ್ಟು ತನ್ನ ಪಾಲು ಗಳಿಸಿಕೊಂಡು ಬಾಳಿದವನು ಅವನು. ಲೂಟಿಯನ್ನು ತೆಗೆದುಕೊಂಡು ಇವರು ಹೋಗುತ್ತಾರೆ, ನೆಲ ತನಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದಿರಬೇಕು. ಆ ಲೆಕ್ಕ ತಪ್ಪಿತು. ತಪ್ಪಿದ ಲೆಕ್ಕವನ್ನು ಗಣಿತದ ಮಾಸ್ತರರು ಕ್ಷಮಿಸಲಾರರೆಂಬುದೂ ನ್ಯಾಯವೇ. ಆದರೆ ನನ್ನನ್ನು ಕಾಡಿದ್ದು ಬೇರೆ. ಈ ಅಳಿವೆಯ ಒಳಹೊರಗನ್ನು ಬಲ್ಲ, ಸ್ವಂತ ಹಡಗುಗಳಿದ್ದ ಒಬ್ಬ ಕನ್ನಡ ನಾಡಿನವನು ಆ ಕಥೆಯ ನಡುವೆ ನಿಂತಿದ್ದಾನೆ. ನಮ್ಮ ಪಾಠಗಳಲ್ಲಿ ಅವನು ಒಂದು ವಾಕ್ಯವೂ ಅಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಎಂ.ಎ. ತರಗತಿಗಳಿಗೆ ಶಾಸನಸಾಹಿತ್ಯವನ್ನು ನಾನು ಬಹುಕಾಲ ಪಾಠ ಹೇಳಿದವನು. ಧಾರವಾಡದಿಂದ ಬೆಳಗಾವಿಯ ದಾರಿಯಲ್ಲಿ ಕೆಲವೇ ಮೈಲಿಗಳಾಚೆ ಇರುವ ನರೇಂದ್ರ ಗ್ರಾಮದ ಶಾಸನ ಅದರಲ್ಲಿ ಬರುತ್ತಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು, ಕ್ರಿ.ಶ. 1125ರದು. ಅದರಲ್ಲಿ ಗೋವೆಯ ಕದಂಬ ಅರಸರ ವಂಶಾವಳಿಯಿದೆ. ಇಮ್ಮಡಿ ಜಯಕೇಶಿಯ ಮುತ್ತಾತ ಚಟ್ಟಯ್ಯ, ಅಂದರೆ ಷಷ್ಠದೇವ, ಕವಡಿದ್ವೀಪವನ್ನು ಗೆದ್ದು ಲಂಕೆಯವರೆಗೆ ಹಡಗುಗಳ ಸಾಲಿನಿಂದ ಸೇತುವೆ ಕಟ್ಟಿದನೆಂದು ಅಲ್ಲಿ ವರ್ಣನೆ ಬರುತ್ತದೆ. ಅವನ ಪ್ರತಾಪವನ್ನು ಕೇಳಿದ ಠಾಣೆಯ ಮುಮ್ಮುರಿ ಎದುರುಗೊಂಡು, ಅರಮನೆಗೆ ಕರೆದೊಯ್ದು, ಮಗಳನ್ನು ಕೊಟ್ಟು ಐದು ಲಕ್ಷ ಹೊನ್ನನ್ನು ಬಳುವಳಿಯಾಗಿ ಕೊಟ್ಟನೆಂದೂ ಇದೆ. ಮೂರು ತಲೆಮಾರು ಕಳೆದ ಮೇಲೆ, ಕಡಲಿನಿಂದ ಇಷ್ಟು ದೂರದ ಎರೆಭೂಮಿಯಲ್ಲಿ, ಹಡಗುಗಳ ನೆನಪನ್ನು ಕನ್ನಡದಲ್ಲಿ ಕೆತ್ತಿಸಿದ್ದಾರೆ. ಜಾರ್ಜ್ ಮೊರಾಯಿಸರು 1931ರಲ್ಲಿ ಬರೆದ 'ಕದಂಬಕುಲ'ದಲ್ಲಿ ಇದನ್ನು ಚರಿತ್ರೆಯ ಸಂಗತಿಯಾಗಿ ಎತ್ತಿಕೊಂಡಿದ್ದಾರೆ. ನಾನು ಮಾಡಿದ್ದೇನು? ಆ ಹಡಗುಗಳ ಸೇತುವೆಯನ್ನು ವರ್ಷವರ್ಷವೂ ಅತಿಶಯೋಕ್ತಿ ಅಲಂಕಾರಕ್ಕೆ ಉದಾಹರಣೆಯಾಗಿ ಕೊಟ್ಟೆ. ಕನ್ನಡದ ಅರಸರು ಕುದುರೆ ಆನೆಗಳ ಅರಸರು, ಕಡಲು ಅವರಿಗೆ ಕವಿಸಮಯ ಎಂದು ಸೇರಿಸುತ್ತಿದ್ದೆ.

ಒಂದು ವರ್ಷ ಅಂಕೋಲೆಯ ಕಡೆಯ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿದ್ದ. ಮೀನುಗಾರರ ಮನೆಯ ಹುಡುಗ, ಮಾತು ಕಡಿಮೆ. ಅಂದು ಎದ್ದು ನಿಂತು, "ಸರ್, ಬಂದರಿನಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿ ಒಂದರಿಂದ ಒಂದಕ್ಕೆ ನಡೆದುಕೊಂಡು ಹೋಗುತ್ತೇವೆ. ಅದನ್ನು ನೋಡಿದವನೇ ಬರೆದಿರಬಹುದಲ್ಲವೇ?" ಎಂದು ಕೇಳಿದ. ಲಂಕೆಯವರೆಗೂ ನಡೆದುಕೊಂಡು ಹೋಗುತ್ತೀಯೇನಪ್ಪಾ ಎಂದೆ. ತರಗತಿಯೆಲ್ಲ ನಕ್ಕಿತು. ಅವನು ಕುಳಿತುಕೊಂಡ. ಆ ವರ್ಷ ಮತ್ತೆ ಅವನು ಎದ್ದು ನಿಂತದ್ದು ನನಗೆ ನೆನಪಿಲ್ಲ.

ಮಾಂಡವಿಯ ಜೆಟ್ಟಿಯಲ್ಲಿ ಎರಡು ಹಡಗುಗಳನ್ನು ದಾಟಿ ಮೂರನೆಯದಕ್ಕೆ ಕಾಲಿಟ್ಟಾಗ ನನಗೆ ನೆನಪಾದದ್ದು ಆ ಹುಡುಗನ ಮುಖ. ಲಂಕೆಯ ಮಾತು ಅತಿಶಯೋಕ್ತಿಯೇ ಸರಿ, ಅದನ್ನು ಈಗಲೂ ಬಿಡಲಾರೆ. ಆದರೆ ಆ ಉತ್ಪ್ರೇಕ್ಷೆ ಎಲ್ಲಿಂದ ಹೊರಟಿತು? ಹಡಗಿನ ಮೇಲೆ ಹಡಗು ಒತ್ತಿ ನಿಂತ ಬಂದರನ್ನು ಕಂಡ ಕಣ್ಣಿನಿಂದ, ಅಥವಾ ಕಂಡವರ ಬಾಯಿಂದ ಕೇಳಿದ ಕಿವಿಯಿಂದ. ಕದಂಬರ ಬಂದರು ಗೋಪಕಪಟ್ಟಣ ಈ ನದಿಯ ಮೇಲಲ್ಲ, ದಕ್ಷಿಣದ ಜುವಾರಿಯ ದಡದಲ್ಲಿತ್ತು. ಚಟ್ಟಯ್ಯನ ತಂದೆ ಗೂಹಲ್ಲದೇವ ಸೋಮನಾಥದ ಯಾತ್ರೆಗೆ ಹಡಗಿನಲ್ಲಿ ಹೊರಟಾಗ ನಡುದಾರಿಯಲ್ಲಿ ಕೂವೆಮರ ಮುರಿದು ಆ ಬಂದರನ್ನೇ ಆಶ್ರಯಿಸಬೇಕಾಯಿತು. ಮದುಮದನೆಂಬ ಅರಬ ವರ್ತಕ ನೆರವಾದ. ಅವನ ಮೊಮ್ಮಗನಿಗೆ ಮುಂದೆ ಜಯಕೇಶಿ ಅಧಿಕಾರ ಕೊಟ್ಟು, ಮಸೀದಿ ಕಟ್ಟಿಸಲೂ ಅವಕಾಶ ಮಾಡಿಕೊಟ್ಟ. ಪಣಜಿಯ ತಾಮ್ರಪಟದಲ್ಲಿ ಇದೆಲ್ಲ ದಾಖಲಾಗಿದೆ. ಮುರಿದ ಕೂವೆಮರ ಕವಿಸಮಯವಲ್ಲ.

ಅಳಿವೆ ಇನ್ನೂ ಸ್ವಲ್ಪ ದೂರವಿರುವಾಗಲೇ ನಮ್ಮ ಹಡಗು ನಿಧಾನವಾಗಿ ತಿರುಗಿತು. ವಿಹಾರದ ಹಡಗುಗಳು ಅಲ್ಲಿಂದಾಚೆ ಹೋಗುವುದಿಲ್ಲ. ಸೂರ್ಯ ಕಡಲಿಗಿಳಿದಿದ್ದ. ಅಷ್ಟರಲ್ಲಿ ನಮ್ಮ ಹೆಂಗಸರೆಲ್ಲ ವೇದಿಕೆ ಹತ್ತಿ ಕೈಹಿಡಿದು ಫುಗಡಿ ಸುತ್ತುತ್ತಿದ್ದರು. ನನ್ನನ್ನೂ ಎಳೆದುಕೊಂಡು ಹೋದರು. ಕುಣಿದೆನೆಂದು ಹೇಳಲಾರೆ, ನಡುವೆ ನಿಂತು ಚಪ್ಪಾಳೆ ತಟ್ಟಿದೆ.

ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ಐವತ್ತರ ಹತ್ತಿರ ವಯಸ್ಸಾಗಿರಬೇಕು. ಕರಾವಳಿಯ ಮನೆಗಳಲ್ಲಿ ಆಕಾಶವಾಣಿಯನ್ನು ಈಗಲೂ ಕೇಳುತ್ತಾರೆ, ಹವೆಯ ಮುನ್ಸೂಚನೆಗಾಗಿಯಾದರೂ. ಈ ಮಾತು ಅವನ ಕಿವಿಗೆ ಬಿದ್ದರೆ ಒಂದು ಕಾಗದ ಬರೆಯಲಿ. ಅವನ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.