ವಿರೋಧಿ ಹಿಂಸೆಯ ಎಲ್ಲೆ

ಅಹಿಂಸೆಯೇ ಪರಮಧರ್ಮವೆಂದು ಸಾರಿದ ಜೈನಧರ್ಮವು ಶಸ್ತ್ರ ಹಿಡಿದವನನ್ನು ಎಂದೂ ಹೊರಗಿಡಲಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಜಿನಭಕ್ತ. ಹುಬ್ಬಳ್ಳಿಯಿಂದ ದಕ್ಷಿಣಕ್ಕಿರುವ ಬಂಕಾಪುರವು ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರನ್ನು ಇಂದಿಗೂ ಹೊತ್ತಿದೆ.

ಈ ವೀರರು ಶ್ರಾವಕರೂ ಆಗಿರಲು ಸಾಧ್ಯವಾದದ್ದು ಒಂದು ಸೂಕ್ಷ್ಮ ವಿವೇಚನೆಯಿಂದ. ಗೃಹಸ್ಥನ ಬಾಳಿನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಮೇಲೆರಗಿ ಬಂದವನನ್ನು ತಡೆಯುವಾಗ ಸಂಭವಿಸುವುದು ವಿರೋಧಿ ಹಿಂಸೆ; ಗೃಹಸ್ಥನಿಗೆ ಅದು ಅನಿವಾರ್ಯ. ಕೊಲ್ಲಬೇಕೆಂಬ ಇಚ್ಛೆಯಿಂದಲೇ ಮಾಡುವುದು ಸಂಕಲ್ಪಿ ಹಿಂಸೆ. ಅದು ಸರ್ವಥಾ ತ್ಯಾಜ್ಯ. ಎರಡರಲ್ಲಿಯೂ ಹರಿಯುವ ರಕ್ತ ಒಂದೇ. ಭೇದವಿರುವುದು ಕಾರಣದಲ್ಲಿ ಮತ್ತು ಮಿತಿಯಲ್ಲಿ. ವ್ಯಕ್ತಿಗೆ ವಿಧಿಸಿದ ಈ ಮಿತಿ ರಾಜ್ಯಕ್ಕೆ ಅನ್ವಯಿಸುವುದಿಲ್ಲವೇ? ಸೇನೆಗೆ ಮತ್ತು ಪೊಲೀಸರಿಗೆ ಕೊಟ್ಟ ವಿಶೇಷಾಧಿಕಾರಗಳ ಇತಿಹಾಸವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಆ ಇತಿಹಾಸದ ಮೊದಲ ಪುಟ ಹುಬ್ಬಳ್ಳಿಯ ಹಿರಿಯರ ನೆನಪಿನಿಂದ ದೂರದ್ದಲ್ಲ. 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಊರೂರಿಗೂ ಹಬ್ಬಿತು. ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ಬಲಿಯಾದದ್ದು ಆ ದಿನಗಳಲ್ಲಿಯೇ. ಅದೇ ಆಗಸ್ಟ್ 15ರಂದು ವೈಸರಾಯ್ ಲಿನ್‌ಲಿತ್‌ಗೋ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಸುಗ್ರೀವಾಜ್ಞೆಯನ್ನು ಹೊರಡಿಸಿದನು. ಕ್ಯಾಪ್ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಅಧಿಕಾರಿಗಳು ಪ್ರಾಣಹಾನಿಯಾಗುವಷ್ಟು ಬಲಪ್ರಯೋಗಕ್ಕೂ ಅಪ್ಪಣೆ ಕೊಡಬಹುದಾಗಿತ್ತು. ಸರ್ಕಾರದ ಮಂಜೂರಾತಿಯಿಲ್ಲದೆ ಅವರ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ.

ಪರಕೀಯ ಪ್ರಭುತ್ವವು ದೇಶಭಕ್ತರ ವಿರುದ್ಧ ರೂಪಿಸಿದ ಈ ಅಸ್ತ್ರವು ಸ್ವಾತಂತ್ರ್ಯದೊಡನೆ ಮರೆಯಾಗಲಿಲ್ಲ. ಈಶಾನ್ಯದಲ್ಲಿ ನಾಗಾ ಬಂಡಾಯ ತಲೆದೋರಿದಾಗ 1958ರಲ್ಲಿ ಸಂಸತ್ತು ಅದೇ ಮಾದರಿಯ ಕಾಯಿದೆಯನ್ನು ಅಂಗೀಕರಿಸಿತು. ಕ್ಯಾಪ್ಟನ್ ದರ್ಜೆಗೆ ಮೀಸಲಾಗಿದ್ದ ಅಧಿಕಾರವು ಈಗ ನಿಯೋಜಿತ ಅಧಿಕಾರಿಯಲ್ಲದ ಹವಾಲ್ದಾರನವರೆಗೂ ಇಳಿಯಿತು. ಮೊಕದ್ದಮೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಹಾಗೆಯೇ ಉಳಿಯಿತು. ಅಧಿಕಾರ ಹಿಗ್ಗಿತು, ಲೆಕ್ಕ ಒಪ್ಪಿಸುವ ಹೊಣೆ ಹಿಗ್ಗಲಿಲ್ಲ.

ಇದು ಗಡಿನಾಡಿನ ಮಾತು, ಕರ್ನಾಟಕಕ್ಕೆ ಸಂಬಂಧವಿಲ್ಲವೆಂದು ಭಾವಿಸುವುದು ಸರಿಯಲ್ಲ. ಆ ಕಾಯಿದೆ ಇಲ್ಲಿ ಜಾರಿಗೆ ಬರಲಿಲ್ಲ, ನಿಜ. ಆದರೆ ವೀರಪ್ಪನ್‌ನ ಬೇಟೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯು ಅದೇ ಧರ್ಮಸಂಕಟವನ್ನು ಕಂಡಿತು. ಆ ಬೇಟೆಗೆ ಕಾರಣವಿಲ್ಲದಿರಲಿಲ್ಲ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ಪೊಲೀಸ್ ವರಿಷ್ಠ ಹರಿಕೃಷ್ಣ ಹಾಗೂ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಮಡಿದರು. ಇಂಥವನನ್ನು ತಡೆಯುವುದು ರಾಜ್ಯದ ಕರ್ತವ್ಯ; ಅದು ವಿರೋಧಿ ಹಿಂಸೆಯ ಕಕ್ಷೆಯೊಳಗಿನದು.

ಆದರೆ ಕಾಡಿನಲ್ಲಿದ್ದವನು ಕೈಗೆ ಸಿಗದಿದ್ದಾಗ ಬಲವು ಕಾಡಂಚಿನ ಹಳ್ಳಿಗರ ಮೇಲೆ ತಿರುಗಿತು. ಕರ್ನಾಟಕ ಮತ್ತು ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳ ವಿರುದ್ಧ ಅಕ್ರಮ ಬಂಧನ ಮತ್ತು ಚಿತ್ರಹಿಂಸೆಯ ದೂರುಗಳು ಕೇಳಿಬಂದವು. ಅನೇಕರು ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ವಿಚಾರಣೆಯ ದಾರಿ ಕಾದರು. 1995ರಲ್ಲಿ ಟಾಡಾ ಅವಧಿ ಮುಗಿದರೂ ಅವರ ಸೆರೆ ಮುಗಿಯಲಿಲ್ಲ. 2001ರಲ್ಲಿ ತೀರ್ಪು ಬಂದಾಗ ಬಹುಪಾಲು ಜನ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಕಳೆದುಹೋದ ವರ್ಷಗಳನ್ನು ಯಾವ ತೀರ್ಪು ಮರಳಿಸೀತು?

2000ದಲ್ಲಿ ಡಾ. ರಾಜಕುಮಾರ್ ಅಪಹರಣವಾದಾಗ ಈ ಬಂಧಿಗಳ ಬಿಡುಗಡೆಯು ಬೇಡಿಕೆಗಳಲ್ಲೊಂದಾಯಿತು. ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆಯಲು ಸಿದ್ಧವಾಯಿತು. ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಹತರಾದ ಶಕೀಲ್ ಅಹಮದ್ ಅವರ ವೃದ್ಧ ತಂದೆ. ನ್ಯಾಯಾಲಯವು ಅವರ ಮಾತನ್ನು ಮನ್ನಿಸಿತು. ಒಂದು ಕಡೆ ಮಗನನ್ನು ಕಳೆದುಕೊಂಡ ತಂದೆ; ಇನ್ನೊಂದು ಕಡೆ ತಪ್ಪು ಸಾಬೀತಾಗದೆಯೇ ಸೆರೆಯಲ್ಲಿದ್ದ ಹಳ್ಳಿಗರು. ಇಬ್ಬರಿಗೂ ಬೇಕಾಗಿದ್ದುದು ಕಾಲಕ್ಕೆ ಸರಿಯಾದ ವಿಚಾರಣೆ. ಒಬ್ಬರ ನೋವನ್ನು ಇನ್ನೊಬ್ಬರ ನೋವಿಗೆ ಎದುರಿಟ್ಟು ತೂಗುವುದು ನ್ಯಾಯವೆನಿಸದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಸಮಿತಿಯು ನೊಂದವರ ಹೇಳಿಕೆಗಳನ್ನು ಆಲಿಸಿ 2003ರಲ್ಲಿ ವರದಿ ಒಪ್ಪಿಸಿತು. 2007ರಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆಯೋಗವು ಶಿಫಾರಸು ಮಾಡಿತು.

ಆ ದೂರುಗಳನ್ನು ಓದುವ ಶ್ರಾವಕನಿಗೆ ತತ್ತ್ವಾರ್ಥಸೂತ್ರವು ನೆನಪಾಗದಿರದು. ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರು ತಡೆಯುವುದು. ಮನೆಯ ಎತ್ತಿನ ವಿಷಯದಲ್ಲಿಯೂ ಸಲ್ಲದೆಂದ ಈ ದೋಷಗಳು ಸೆರೆಸಿಕ್ಕ ಮನುಷ್ಯನ ವಿಷಯದಲ್ಲಿ ಸಲ್ಲುವುದೆಂತು? ಎದುರಾಳಿ ಕೈಗೆ ಸಿಕ್ಕಿ ನಿರಾಯುಧನಾದ ಕ್ಷಣಕ್ಕೆ ವಿರೋಧಿ ಹಿಂಸೆಯ ಎಲ್ಲೆ ಮುಗಿಯಿತು. ಅಲ್ಲಿಂದ ಮುಂದೆ ಎತ್ತಿದ ಕೈ ಸಂಕಲ್ಪಿ ಹಿಂಸೆಯದು.

ದೇಶದ ನ್ಯಾಯಾಲಯವೂ ಕ್ರಮೇಣ ಇದೇ ದಾರಿಯಲ್ಲಿ ನಡೆದಿದೆ. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರ ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ಪ್ರದೇಶವೊಂದನ್ನು ‘ಕ್ಷುಬ್ಧ’ವೆಂದು ಸಾರಿದ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಪುನರ್ವಿಮರ್ಶಿಸಬೇಕೆಂದೂ, ಬಂಧಿತರನ್ನು ವಿಳಂಬವಿಲ್ಲದೆ ಪೊಲೀಸರಿಗೆ ಒಪ್ಪಿಸಬೇಕೆಂದೂ ವಿಧಿಸಿತು. 2013ರಲ್ಲಿ ಮಣಿಪುರದ ಆರು ಪ್ರಕರಣಗಳ ತನಿಖೆಗೆ ಅದು ನೇಮಿಸಿದ ಆಯೋಗಕ್ಕೆ ಕರ್ನಾಟಕದ ಮಾಜಿ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅಧ್ಯಕ್ಷರು. ರಾಜ್ಯದ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಅಜಯ್ ಕುಮಾರ್ ಸಿಂಗ್ ಒಬ್ಬ ಸದಸ್ಯರು. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲವೆಂದು ಆಯೋಗ ವರದಿ ಮಾಡಿತು. ಮಡಿದವರಲ್ಲಿ 12 ವರ್ಷದ ಬಾಲಕನೂ ಇದ್ದನು. ಕ್ಷುಬ್ಧ ಪ್ರದೇಶದಲ್ಲಿಯೂ ಪೂರ್ಣ ವಿನಾಯಿತಿ ಇಲ್ಲವೆಂದು 2016ರಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು.

ಆದರೂ ಲೆಕ್ಕ ಚುಕ್ತವಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡಿನ ಓಟಿಂಗ್ ಬಳಿ ಗಣಿಯಿಂದ ಮನೆಗೆ ಮರಳುತ್ತಿದ್ದ ಕೂಲಿಕಾರರು ತಪ್ಪುಗ್ರಹಿಕೆಯಿಂದ ಸೇನೆಯ ಗುಂಡಿಗೆ ಬಲಿಯಾದರು. 2022ರಲ್ಲಿ ಈಶಾನ್ಯದ ಹಲವು ಭಾಗಗಳಿಂದ ಕಾಯಿದೆಯನ್ನು ಹಿಂತೆಗೆಯಲಾಯಿತು. ಆದರೆ ಕೇಂದ್ರವು ಮಂಜೂರಾತಿ ನೀಡದ ಕಾರಣ 30 ಸೈನಿಕರ ಮೇಲಿನ ಮೊಕದ್ದಮೆಯನ್ನು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಕ್ತಾಯಗೊಳಿಸಿತು. ಸೈನಿಕರು ತಪ್ಪಿತಸ್ಥರೋ ಅಲ್ಲವೋ ಎಂಬುದು ವಿಚಾರಣೆಯಿಂದ ತಿಳಿಯಬೇಕಾಗಿತ್ತು. ವಿಚಾರಣೆಯೇ ನಡೆಯದಿದ್ದರೆ ನೊಂದವರಿಗೆ ಸಮಾಧಾನವಿಲ್ಲ. ನಿರಪರಾಧಿಯಾದ ಯೋಧನ ಹೆಸರೂ ಶುದ್ಧವಾಗುವುದಿಲ್ಲ.

ಭರತ ಬಾಹುಬಲಿಯರ ಕಥೆಯನ್ನು ಅರಿಯದ ಜೈನರಿಲ್ಲ. ಸೈನ್ಯಗಳ ಸಂಹಾರ ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಮಿತಿಯನ್ನು ಹಾಕಿದರು. ಮೂರರಲ್ಲಿಯೂ ಸೋತ ಭರತನು ಮಿತಿಯನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಯನ್ನು ಬಲಗೊಂಡು ನಿಂತಿತು. ಆ ಕ್ಷಣದಲ್ಲಿ ನಾಚಿ ತಲೆತಗ್ಗಿಸಿದವನು ಚಕ್ರವರ್ತಿ. ಇಂದಿನ ರಾಜ್ಯದ ಗುಂಡು ಆ ಚಕ್ರದಂತೆ ನಿರಪರಾಧಿಯನ್ನು ಗುರುತಿಸಿ ನಿಲ್ಲಲಾರದು. ಆದುದರಿಂದ ಗುಂಡಿಗಿಲ್ಲದ ವಿವೇಕವನ್ನು ಕಾನೂನೇ ಒದಗಿಸಬೇಕು: ಅಧಿಕಾರಕ್ಕೆ ಅವಧಿ, ಬಂಧನಕ್ಕೆ ಸಾಕ್ಷಿ, ಸಾವಿಗೆ ತನಿಖೆ.

ಶ್ರಾವಕನು ದಿನದಿನವೂ ಪ್ರತಿಕ್ರಮಣದಲ್ಲಿ ತನ್ನ ದೋಷಗಳನ್ನು ಎಣಿಸಿಕೊಳ್ಳುತ್ತಾನೆ. ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಚಿಕ್ಕವರ ಮುಂದೆಯೂ ಕೈಮುಗಿಯುತ್ತಾನೆ. ಅದರಿಂದ ಅವನ ಮರ್ಯಾದೆಗೆ ಕುಂದಿಲ್ಲ. ತನ್ನ ಪ್ರಜೆಯ ಮುಂದೆ ತಪ್ಪೊಪ್ಪಿಕೊಂಡ ರಾಜ್ಯಕ್ಕೂ ಕುಂದಾಗದು.