ಗೇರುಗುಡ್ಡಗಳ ವಿಷವೂ ಕಣಿವೆಯ ನೀರೂ

ಕೀಟನಾಶಕಗಳಿಂದ ಜಲಮೂಲಗಳಿಗೆ ಒದಗಿದ ಕೇಡಿನ ಚರಿತ್ರೆಯಲ್ಲಿ ಕಾಸರಗೋಡು ಸೀಮೆಯ ಎಂಡೋಸಲ್ಫಾನ್ ಪ್ರಕರಣವು ವಿಶೇಷವಾಗಿ ವಿಚಾರಣೀಯವಾದುದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಸೀಮೆಯು ಅನಂತರ ಕೇರಳದ ಭಾಗವಾಯಿತು. ಅಲ್ಲಿಯ ಎಣ್ಮಕಜೆ, ಪಡ್ರೆ ಮೊದಲಾದ ಊರುಗಳಲ್ಲಿ ಕನ್ನಡ, ತುಳು, ಮಲೆಯಾಳ ನುಡಿಗಳು ಒಡನೊಡನೆ ಬಾಳುತ್ತಿವೆ. ಈ ಪ್ರಕರಣವನ್ನು ಗಾಳಿಯಲ್ಲಿ ಹರಡಿದ ವಿಷದ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಅದರ ಮರ್ಮವು ನೆಲದ ಏರಿಳಿತದಲ್ಲಿಯೂ ನೀರಿನ ದಾರಿಯಲ್ಲಿಯೂ ಅಡಗಿದೆ.

ಈ ಪ್ರದೇಶವು ಮುರಕಲ್ಲಿನ ಗುಡ್ಡಗಳ ನಾಡು. ಮನೆ, ಗದ್ದೆ, ಅಡಕೆತೋಟಗಳೆಲ್ಲ ಕಣಿವೆಯಲ್ಲಿರುವುವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯಲ್ಲಿ ಒಂದಂಶವು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಒರತೆಯಾಗುತ್ತದೆ. ಗುಡ್ಡದ ಪಕ್ಕವನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ಜನರು ಆ ನೀರನ್ನು ಪಡೆಯುತ್ತ ಬಂದಿದ್ದಾರೆ. ಉಳಿದ ನೀರು ತೋಡುಗಳಲ್ಲಿ ಹರಿದು ಶಿರಿಯಾ, ಚಂದ್ರಗಿರಿ ಮುಂತಾದ ಹೊಳೆಗಳನ್ನು ಕೂಡುತ್ತದೆ.

ಈ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಪುಗಳು ಬೆಳೆದುವು. ಅವುಗಳ ವಿಸ್ತಾರವು 4,500 ಹೆಕ್ಟೇರುಗಳಿಗೂ ಅಧಿಕ. ಚಿಗುರನ್ನೂ ಹೂವನ್ನೂ ಹೀರಿ ಕರಟಿಸುವ 'ಟೀ ಸೊಳ್ಳೆ' ಎಂಬ ಕೀಟವನ್ನು ಅಡಗಿಸುವುದಕ್ಕಾಗಿ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲ್ಪಟ್ಟಿತು. ಸಿಂಪಡಿಸುವಾಗ ಜಲಮೂಲಗಳನ್ನು ಮುಚ್ಚಬೇಕೆಂಬ ನಿಯಮವೇನೋ ಇದ್ದಿತು. ಬಾವಿಯ ಬಾಯನ್ನು ಮುಚ್ಚಬಹುದು. ಹರಿಯುವ ತೋಡನ್ನು ಮುಚ್ಚುವುದೆಂತು? ತಲೆಯ ಮೇಲಣ ಗುಡ್ಡದಿಂದಲೇ ನೀರುಣ್ಣುವ ಸುರಂಗಕ್ಕೆ ಬಾಯಿ ಮುಚ್ಚಿದರೆ ಬರುವ ರಕ್ಷಣೆ ಯಾವುದು? ಆ ನಿಯಮವು ನೆಲವನ್ನು ನೋಡದೆ ಬರೆದುದಾಗಿತ್ತು.

ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು, ಕೊಚ್ಚಿಹೋಗುವ ಹೂಳಿನೊಡನೆ ಪಯಣಿಸುತ್ತದೆ. ಕಾಲಾಂತರದಲ್ಲಿ ಎಂಡೋಸಲ್ಫಾನ್ ಸಲ್ಫೇಟಾಗಿ ಮಾರ್ಪಟ್ಟು ಇನ್ನೂ ದೀರ್ಘಕಾಲ ಉಳಿಯುತ್ತದೆ. ಕೆಲವು ಜಾತಿಯ ಮೀನುಗಳಿಗಂತೂ ಲೀಟರಿಗೆ ಒಂದೆರಡು ಮೈಕ್ರೊಗ್ರಾಮುಗಳಷ್ಟೇ ಮಾರಕವಾಗಬಲ್ಲುದು. ಆದುದರಿಂದ ಒಂದು ದಿನ ತುಂಬಿದ ಸೀಸೆಯ ನೀರು ಆ ಒಂದು ದಿನಕ್ಕೆ ಮಾತ್ರ ಸಾಕ್ಷಿ.

ಮುಂದೆ ನಡೆದ ವಾದಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಜನರ ರಕ್ತ ಇವುಗಳಲ್ಲಿ ವಿಷಾಂಶವನ್ನು ಕಂಡಿತು; ಕಾರ್ಪೊರೇಶನ್ನು ನಿಯೋಜಿಸಿದ ಸಂಸ್ಥೆಯು ಅದನ್ನು ಅಲ್ಲಗಳೆಯಿತು. ಕೇಂದ್ರ ಸರಕಾರದ ಡುಬೆ ಸಮಿತಿಯು 2003ರಲ್ಲಿ ರೋಗಗಳಿಗೂ ಔಷಧಕ್ಕೂ ಸಂಬಂಧ ತೋರುವುದಿಲ್ಲವೆಂದಿತು. ಅದೇ ವರ್ಷ ಪ್ರಕಟವಾದ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿದ್ವಾಂಸರ ಲೇಖನವಾದರೋ, ಕೊನೆಯ ಸಿಂಪಡಣೆಯಾಗಿ 10 ತಿಂಗಳು ಕಳೆದ ಮೇಲೆಯೂ ಈ ಗ್ರಾಮದ 117 ಬಾಲಕರ ರಕ್ತದಲ್ಲಿ ಆ ವಿಷವು ಹೋಲಿಕೆಯ 90 ಬಾಲಕರಿಗಿಂತ ಅಧಿಕವಾಗಿದ್ದುದನ್ನು ತೋರಿಸಿತು. ಆಕಾಶದಿಂದ ವಿಷ ಬೀಳುವುದು ನಿಂತಿದ್ದಿತು. ನೆಲದಿಂದ ಮನುಷ್ಯನಿಗೆ ಬರುವುದು ನಿಂತಿರಲಿಲ್ಲವೆಂದು ಊಹಿಸಲು ಇದು ಅವಕಾಶ ಕೊಡುತ್ತದೆ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ತ್ಯಾಜ್ಯ ವಿಷಗಳ ಪಟ್ಟಿಗೆ ಸೇರಿಸಿದುವು. ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಅದೇ ನ್ಯಾಯಾಲಯವು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳಲ್ಲಿಯೂ ಇದೇ ಔಷಧವು ಬಿದ್ದಿತ್ತು. ಅಲ್ಲಿಯೂ ಇದೇ ದುಃಖವು ಕಾಣಿಸಿತು.

ರಾಜ್ಯಗಳ ಎಲ್ಲೆಯನ್ನು ನೀರು ಅರಿಯದು. ಬೆಟ್ಟದ ಮೇಲೆ ಬೆಳೆಗಾಗಿ ಚೆಲ್ಲಿದುದನ್ನು ಕಣಿವೆಯಲ್ಲಿರುವವನು ಕುಡಿಯಬೇಕಾಗುವುದು. ಔಷಧವನ್ನು ಪರೀಕ್ಷಿಸುವವರು ಎಲೆಯನ್ನೂ ಹುಳುವನ್ನೂ ನೋಡಿದರಷ್ಟೇ ಸಾಲದು. ನೀರು ಇಳಿಯುವ ದಾರಿಯನ್ನು ಕೊನೆಯ ಮನೆಯ ವರೆಗೂ ನಡೆದು ನೋಡಬೇಕೆಂಬುದೇ ಈ ಚರಿತ್ರೆಯ ಪಾಠ.